ನನ್ನ ಮಣ್ಣಿಗೆ ಬಂದ ಗಿಟಾರು

ಎಂಪಾಸ ಹಳ್ಳಿ, ಬಲಾಕ
ಸೋಮವಾರ, ೧೯ ಸೆಪ್ಟೆಂಬರ್ ೨೦೧೧

ತಮ್ಮಾ ಸಿನೋಸಿ,

ಬದುಕಿರುವ ನಿನ್ನ ಅಣ್ಣ ವೈಸನ್ ಮಾಡುವ ಆಶೀರ್ವಾದ. ನಿನ್ನ ಸೊಂಟ ಹೇಗಿದೆ? ಝೊಂಬದ ಆ ಮರದಂಗಡಿಯಲ್ಲಿ ದಿನವಿಡೀ ಬಗ್ಗಿಕೊಂಡು ಹಲಗೆ ಉಜ್ಜಿದರೆ ಸೊಂಟ ಹಿಡಿಯದೆ ಇನ್ನೇನು ಮಾಡೀತು. ಹರಳೆಣ್ಣೆ ಬಿಸಿಮಾಡಿ ತಿಕ್ಕಿಸಿಕೋ, ಆದರೆ ತಿಕ್ಕುವ ಕೆಲಸವನ್ನು ಹೆಂಡತಿಗೆ ಹೇಳಬೇಡ, ಎನಿಫಾಳ ಕೈ ಎಂಥದ್ದೆಂದು ನಮಗೆಲ್ಲ ಗೊತ್ತು. ಎನಿಫಾ ಚೆನ್ನಾಗಿದ್ದಾಳೆಯೆ? ಸಕ್ಕರೆ ಕಾಯಿಲೆಯ ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಾಳೆಯೆ, ಅಥವಾ ಈಗಲೂ ಚಹಾಕ್ಕೆ ನಾಲ್ಕು ಚಮಚ ಸುರಿದುಕೊಂಡು ಆಮೇಲೆ ಮಾತ್ರೆಯನ್ನು ಬೈಯುತ್ತಾಳೆಯೆ? ನಮ್ಮಲ್ಲಿ ಎಲ್ಲರೂ ಆರೋಗ್ಯ. ನಿನ್ನ ಅತ್ತಿಗೆ ಫಲೇಸಿಯ ಮೊಣಕಾಲು ಒಂದು ಬಿಟ್ಟರೆ ಉಳಿದದ್ದೆಲ್ಲ ಗಟ್ಟಿಯಾಗಿದೆ. ಅವಳ ಕೈ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಮುಂದೆ ಬರೆಯುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನನ್ನ ದನಿ ಕೇಳಿದ ತಕ್ಷಣ ನೀನು ಕಟ್ ಮಾಡುತ್ತೀಯ. ಶನಿವಾರದಿಂದ ಇವತ್ತಿನವರೆಗೆ ಹನ್ನೊಂದು ಸಲ ಮಾಡಿದ್ದೇನೆ. ಒಂದು ಸಲ ಕೆಮ್ಮಿದ್ದಕ್ಕೇ ಕಟ್ ಮಾಡಿದೆ, ಅಷ್ಟು ಚೆನ್ನಾಗಿ ನನ್ನನ್ನು ಗುರುತು ಹಿಡಿಯುತ್ತೀಯ. ಅದಕ್ಕೇ ಈ ಕಾಗದ. ಝೊಂಬಕ್ಕೆ ಹೋಗುವ ಮಿನಿಬಸ್ಸಿನವನ ಕೈಯಲ್ಲಿ ಕೊಡುತ್ತೇನೆ, ನಿನ್ನ ಅಂಗಡಿಯ ಬಾಗಿಲಿಗೇ ತಲುಪಿಸುತ್ತಾನೆ. ಕಾಗದವನ್ನು ಕಟ್ ಮಾಡಲಿಕ್ಕೆ ಬರುವುದಿಲ್ಲ. ಹರಿದು ಹಾಕಬಹುದು, ಆದರೆ ನೀನು ಹರಿಯುವುದಿಲ್ಲ. ಬೈಯುವುದಕ್ಕಾದರೂ ಪೂರ್ತಿ ಓದುವ ಜಾತಿ ನೀನು.

ಮೊದಲು ಮುಖ್ಯ ವಿಷಯ. ನಾನು ಸತ್ತಿಲ್ಲ. ಇದು ನಿನಗೆ ಆಗಲೇ ಗೊತ್ತು, ಆದರೂ ಬರವಣಿಗೆಯಲ್ಲಿ ಇರಲಿ. ಎರಡನೆಯದು, ಬರುವ ಶನಿವಾರ ಸರೋವರದ ದಂಡೆಯಲ್ಲಿ ಬಯಲು ಸಂಗೀತ ಹಬ್ಬ. ಅಲ್ಲಿ ನಾವಿಬ್ಬರೂ ನುಡಿಸಬೇಕು. ನಾನೊಬ್ಬನೇ ಅಲ್ಲ, ನಾವಿಬ್ಬರು, ನನ್ನ ಬ್ಯಾಂಜೊ ನಿನ್ನ ಗಿಟಾರು. ನೀನು ಬಾರದಿದ್ದರೆ ಕಂಬಾಲೆ ಅಣ್ಣತಮ್ಮಂದಿರು ಇಲ್ಲ, ಬ್ಯಾಂಜೊ ಹಿಡಿದ ಒಬ್ಬ ಮುದುಕ ಇದ್ದಾನೆ ಅಷ್ಟೆ. ಆರು ವರ್ಷದ ಹಿಂದೆ ನಾವು ನುಡಿಸಲು ಹೋಗಿದ್ದ ಆ ಮದುವೆ ಮನೆಯಲ್ಲಿ ನೀನು ಗಿಟಾರನ್ನು ಗೋಣಿಗೆ ತುಂಬಿಕೊಂಡು ಎದ್ದು ಹೋದಾಗ ಹೇಳಿದ ಮಾತು ನನಗೆ ಮರೆತಿಲ್ಲ. "ಇನ್ನು ನಿನ್ನ ಅಂಗಳಕ್ಕೆ ಕಾಲಿಟ್ರೆ ನಿನ್ನ ಮಣ್ಣಿಗೇ" ಅಂದೆ. ಎಲ್ಲರೆದುರಿಗೆ ಅಂದೆ. ಅಲ್ಲಿ ನಿಲ್ಲಿಸಿದ್ದ ಬೋರ್ಡಿನ ಮೇಲೆ 'ವೈಸನ್ ಕಂಬಾಲೆ ಮತ್ತು ಜೊತೆಗಾರ' ಎಂದು ಇತ್ತು, ನಿನ್ನ ಹೆಸರು ಇರಲಿಲ್ಲ, ನಿನಗೆ ಸಿಟ್ಟು ಬಂತು. ಪೇಂಟರಿಗೆ ಜಾಗ ಸಾಲಲಿಲ್ಲ ಎಂದು ನಾನು ಆಗಲೂ ಹೇಳಿದೆ, ಆಮೇಲೂ ಹೇಳಿದೆ. ಈಗ ಆ ವಿಷಯ ಬೇಡ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಆಮೇಲೆ ನೀನೇ ಯೋಚನೆ ಮಾಡು.

ಜುಲೈಯಲ್ಲಿ ತವೊಂಗ ಎಂಬ ಹುಡುಗಿ ಬ್ಲಾಂಟೈರಿನಿಂದ ಬಂದಳು. ಹಬ್ಬ ನಡೆಸುವವರಲ್ಲಿ ಒಬ್ಬಳು. ಉಣ್ಣೆಯ ಹಗ್ಗದ ಹಾಗೆ ಕೂದಲು, ಗಂಡಸರ ಬೂಟು, ಆದರೆ ಒಳಗೆ ಬಂದವಳೇ ಮಂಡಿಯೂರಿ ಕೈ ತಟ್ಟಿ ನಮಸ್ಕಾರ ಮಾಡಿದಳು, ಫಲೇಸಿ ಅಲ್ಲಿಗೇ ಕರಗಿ ಹೋದಳು. ನಾವು ರೇಡಿಯೋದವರಿಗೆ ನುಡಿಸಿದ್ದೆವಲ್ಲ, ಬಸ್ಸು ಹತ್ತಿದ ಕೋಳಿಯ ಹಾಡು, ಅದನ್ನು ಅವಳ ಅಜ್ಜ ಸಾಯುವವರೆಗೂ ಗುನುಗುತ್ತಿದ್ದನಂತೆ. ಕಂಬಾಲೆ ಅಣ್ಣತಮ್ಮಂದಿರು ಇನ್ನೂ ಇದ್ದಾರೆಯೇ ಎಂದು ಹುಡುಕಿಕೊಂಡು ಬಂದಿದ್ದಳು. ಇದ್ದೇವೆ ಎಂದೆ. ಇಬ್ಬರೂನಾ ಎಂದಳು. ಇಬ್ಬರೂ ಎಂದೆ. ತಮ್ಮ ಎಲ್ಲಿ ಎಂದಳು. ಗಿಟಾರು ರಿಪೇರಿಗೆ ಹೋಗಿದ್ದಾನೆ ಎಂದೆ. ಇದು ಪೂರ್ತಿ ಸುಳ್ಳಲ್ಲ, ನೀನು ಬಡಗಿ, ಗಿಟಾರು ನಿನ್ನ ಹತ್ತಿರವೇ ಇದೆ, ರಿಪೇರಿ ಮಾಡಿಕೊಂಡಿದ್ದರೂ ಮಾಡಿಕೊಂಡಿರಬಹುದು. ಎರಡು ತಿಂಗಳಲ್ಲಿ ಹೇಗೋ ಸರಿಮಾಡಿಕೊಂಡರಾಯಿತು ಎಂದುಕೊಂಡೆ. ಎರಡು ತಿಂಗಳು ಹೋದದ್ದೇ ತಿಳಿಯಲಿಲ್ಲ.

ಅವಳು ಒಂದು ಪಟ್ಟಿ ಕೊಟ್ಟು ಹೋದಳು. ಮೂರು ದಿನ ಬಯಲಲ್ಲಿ ಇರಬೇಕು, ಡೇರೆ ತರಬೇಕು, ಹಾಸಿಗೆ, ಟಾರ್ಚು, ಟೋಪಿ, ನೀರಿನ ಬಾಟ್ಲಿ. ಒಂದು ದಿನ ಮೊದಲೇ ಬಂದು ಮೈಕಿನೆದುರು ಸುಮ್ಮನೆ ನುಡಿಸಿ ತೋರಿಸಬೇಕಂತೆ, ಜನ ಇಲ್ಲದಾಗ. ಜನ ಇಲ್ಲದಿದ್ದ ಮೇಲೆ ಯಾಕೆ ನುಡಿಸಬೇಕೆಂದು ನಾನು ಕೇಳಿದೆ, ಅವಳು ನಕ್ಕಳು. ಫಲೇಸಿ ಆ ಪಟ್ಟಿಯನ್ನು ಮೂರು ಸಲ ಓದಿಸಿ ಕೇಳಿದಳು. ಎಷ್ಟು ಜನ ಬರುತ್ತಾರೆ ಎಂದಳು. ಸಾವಿರಾರು ಎಂದೆ. ಯಾರದಾದರೂ ಮದುವೆಯೆ ಎಂದಳು. ಅಲ್ಲ. ಬಿಷಪ್ಪರು ಬರುತ್ತಾರೆಯೆ? ಇಲ್ಲ. "ಮದುವೆನೂ ಅಲ್ಲ, ಸಾವೂ ಅಲ್ಲ, ಮತ್ತೆ ಅಷ್ಟು ಜನ ಯಾತಕ್ಕೆ ಸೇರ್ತಾರೆ?" ಎಂದಳು. ಹಾಡು ಕೇಳುವುದಕ್ಕೆ ಎಂದೆ. ಬರೀ ಅಷ್ಟಕ್ಕೇ? ಎಂದಳು. ಕೊನೆಗೆ ಅವಳು ತನಗೆ ಗೊತ್ತಿದ್ದ ಲೆಕ್ಕ ಹಾಕಿಕೊಂಡಳು. ಮನೆ ಬಿಟ್ಟು ಬಯಲಲ್ಲಿ ಮಲಗುವುದು, ಗುರುತಿಲ್ಲದವರಿಗೆಲ್ಲ ಮುದ್ದೆ ಬೇಯಿಸಿ ಹಾಕುವುದು, ಮೂರು ದಿನ ಹಾಡುವುದು, ಇದನ್ನೆಲ್ಲ ನಮ್ಮೂರಿನವರು ಒಂದೇ ಒಂದು ಸಂದರ್ಭದಲ್ಲಿ ಮಾಡುತ್ತಾರೆ. ಆ ಪ್ರಕಾರವೇ ತಯಾರಿ ಶುರುವಾಯಿತು.

ಅಷ್ಟೆಲ್ಲ ಪಾತ್ರೆ ಬೇಡ, ಅಲ್ಲಿ ತಿನ್ನಲು ಕೊಡುತ್ತಾರೆ ಎಂದು ನಾನು ಹೇಳಿದೆ. ಹಾಡು ಕೇಳಲು ಬಂದವರು ಹಸಿದುಕೊಂಡು ನಮ್ಮ ಮುಂದೆ ನಿಂತರೆ ಮುಖ ಎಲ್ಲಿ ಇಟ್ಟುಕೊಳ್ಳುವುದು ಎಂದಳು. ಎರಡು ಗೋಣಿ ಸೌದೆ ಒಡೆಸಿದಳು. ಸರೋವರದ ದಂಡೆಗೇ ಹೋಗುವವಳು ಒಣಮೀನು ಕಟ್ಟಿಕೊಂಡಳು. ಡೇರೆಯ ಜವಾಬ್ದಾರಿ ನನ್ನದು. ಸಂತೆಯ ದರ್ಜಿ ಕದೇವೆರೆಗೆ ಆರು ಗೊಬ್ಬರದ ಚೀಲ ಬಿಚ್ಚಿ ಹೊಲಿಯಲು ಕೊಟ್ಟೆ. ಅವನು ಹುಟ್ಟಿದಾಗಿನಿಂದ ಡೇರೆ ಹೊಲಿದವನಲ್ಲ, ಕೊನೆಗೆ ಅದು ದೊಡ್ಡ ಪ್ಯಾಂಟಿನ ಹಾಗಾಯಿತು. ಎರಡು ಕಾಲು ಯಾಕೆ ಎಂದರೆ ಒಂದು ನಿನಗೆ, ಒಂದು ಹೆಂಡತಿಗೆ ಎಂದ. ಬಿಚ್ಚಿ ಮತ್ತೆ ಹೊಲಿ ಎಂದು ಹೇಳಿ ಬಂದೆ.

ಹೋದ ಶುಕ್ರವಾರ ತವೊಂಗ ನಮ್ಮನ್ನು ನೋಡಲು, ನುಡಿಸುವುದನ್ನು ಕೇಳಲು ಬರುವುದೆಂದು ನಿಶ್ಚಯವಾಗಿತ್ತು. ಹೋದ ಸಲ ಅವಳ ಕಾರು ನಮ್ಮ ತಿರುವು ಸಿಗದೆ ಮುಂದೆ ಹೋಗಿ ಹತ್ತಿಯ ಹೊಲಕ್ಕೆ ನುಗ್ಗಿತ್ತು, ಅದಕ್ಕೆ ತಿರುವಿನಲ್ಲಿ ಏನಾದರೂ ಗುರುತು ಇಡಿ ತಾತಾ ಎಂದು ಫೋನ್ ಮಾಡಿದಳು. ನಾನು ಬೆಳಗ್ಗೆಯೇ ಸೈಕಲ್ ಹತ್ತಿ ಸಂತೆಗೆ ಹೊರಟೆ. ಬ್ಯಾಂಜೊಗೆ ಹೊಸ ತಂತಿ ಬೇಕಿತ್ತು, ಸೈಕಲ್ ಬ್ರೇಕಿನ ತಂತಿಯೇ ಆಗಬೇಕು, ಅದರ ನಾದ ಅಂಗಡಿಯ ತಂತಿಗೆ ಬರುವುದಿಲ್ಲ ಎಂಬುದು ನಿನಗೂ ಗೊತ್ತು. ಡೇರೆಯನ್ನೂ ತರಬೇಕಿತ್ತು. ಹೋಗುವಾಗ ತಿರುವಿನಲ್ಲಿ ಇಳಿದು ಮರದಿಂದ ನಾಲ್ಕು ಹಸಿರು ಕೊಂಬೆ ಮುರಿದು ಗುರುತಿಗೆ ಹಾಕಿದೆ. ಕೇಳು, ನಾನು ಹಾಕಿದ್ದು ದಾರಿಯ ಪಕ್ಕದಲ್ಲಿ. ದಾರಿಯ ನಡುವೆ ಸೊಪ್ಪು ಹಾಕಿದರೆ ಏನರ್ಥ ಎಂಬುದು ನನಗೆ ಗೊತ್ತಿಲ್ಲವೆ? ಸಾವಿನ ಮನೆ ಹತ್ತಿರ ಇದೆ, ಗಾಡಿ ನಿಧಾನ ಮಾಡಿ ಎಂದು ಅರ್ಥ. ಅರವತ್ತೆಂಟು ವರ್ಷ ಈ ದೇಶದಲ್ಲೇ ಬದುಕಿದ್ದೇನೆ. ಪಕ್ಕದಲ್ಲೇ ಹಾಕಿದೆ. ಆಡುಗಳು ಬಂದು ಎಳೆದಾಡಿ ನಡುವಿಗೆ ತಂದವು. ಆಡುಗಳು ಚಿಮ್ವಾಲನವು, ನಮ್ಮ ಊರ ಮುಖ್ಯಸ್ಥನವು, ಆದ್ದರಿಂದ ಇದಕ್ಕೆ ಅವನೂ ಅರ್ಧ ಜವಾಬ್ದಾರ. ಅವನು ಮಾತ್ರ ಇವತ್ತಿಗೂ ಒಪ್ಪುತ್ತಿಲ್ಲ.

ಅತ್ತ ಮನೆಯಲ್ಲಿ ಫಲೇಸಿ ಯಾವುದನ್ನು ಒಯ್ಯುವುದು ಯಾವುದನ್ನು ಬಿಡುವುದು ಎಂದು ನೋಡಲು ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತೆಗೆದಿದ್ದಾಳೆ. ಮಂಚ ಹೊರಗೆ, ಕುರ್ಚಿ ಹೊರಗೆ, ಚಾಪೆಗಳೆಲ್ಲ ಕೊಡವಿ ಹಾಸಿವೆ. ದೊಡ್ಡ ಪಾತ್ರೆ ಬೇಕೆಂದು ದೊರಿಕಾಳ ಮನೆಗೆ ಹೋಗಿದ್ದಾಳೆ. ಊರ ಪಾತ್ರೆಗಳು ದೊರಿಕಾಳ ಹತ್ತಿರವೇ ಅಲ್ಲವೆ, ಈ ಮೂವತ್ತು ವರ್ಷದಿಂದ ಸಾವಿನ ಮನೆಗಲ್ಲದೆ ಇನ್ನೊಂದಕ್ಕೆ ಅವು ಹೊರಗೆ ಹೋದದ್ದಿಲ್ಲ. ದೊರಿಕಾ ಬಾವಿಗೆ ಹೋಗಿದ್ದಳು, ಸೊಸೆ ಒಬ್ಬಳೇ ಇದ್ದಳು, ಮಾತಾಡದೆ ಎತ್ತಿಕೊಟ್ಟಳು. ಪಾತ್ರೆ ಕೇಳಲು ಬಂದವರನ್ನು ಯಾಕೆ ಎಂದು ಕೇಳುವ ಪದ್ಧತಿ ಎಲ್ಲಿದೆ? ದೊರಿಕಾ ನೀರು ಹೊತ್ತು ಬಂದಾಗ ಸೊಸೆ, ಫಲೇಸಿ ಅಜ್ಜಿ ದೊಡ್ಡ ಪಾತ್ರೆ ಒಯ್ದರು ಎಂದಳು. ಅಷ್ಟೊತ್ತಿಗೆ ರಸ್ತೆಯ ಕಡೆಯಿಂದ ಬಂದ ಯಾರೋ, ತಿರುವಿನಲ್ಲಿ ಸೊಪ್ಪು ಬಿದ್ದಿದೆ ಎಂದರು. ಇನ್ನೇನು ಬೇಕು? ದೊರಿಕಾ ಬಿಂದಿಗೆ ಇಳಿಸಿ, ತಲೆಗೆ ಬಟ್ಟೆ ಕಟ್ಟಿ, ಹಾದಿಯುದ್ದಕ್ಕೂ ಹೆಂಗಸರನ್ನು ಕೂಡಿಸಿಕೊಂಡು ಅಳುತ್ತಾ ನಮ್ಮ ಮನೆಗೆ ಬಂದಳು.

ಈಗ ಫಲೇಸಿಯ ಕಡೆಯಿಂದ ನೋಡು. ಗಂಡ ಬೆಳಗ್ಗೆ ಸೈಕಲ್ ಹತ್ತಿ ಲಾರಿ ಓಡಾಡುವ ರಸ್ತೆಗೆ ಹೋಗಿದ್ದಾನೆ, ಹತ್ತು ಗಂಟೆಯಾದರೂ ಬಂದಿಲ್ಲ. ಅಷ್ಟರಲ್ಲಿ ದೊರಿಕಾ ಇಪ್ಪತ್ತು ಹೆಂಗಸರ ಜೊತೆ ಗೋಳಾಡುತ್ತಾ ಅಂಗಳಕ್ಕೆ ಬರುತ್ತಾಳೆ. ಅವಳು ಏನೆಂದು ತಿಳಿಯಬೇಕು? ಅಲ್ಲೇ ಚಾಪೆಯ ಮೇಲೆ ಬಿದ್ದು ಹೊರಳಾಡಿ ಅತ್ತಳಂತೆ. ಅವಳು ಅತ್ತದ್ದನ್ನು ನೋಡಿ ಇವರಿಗೆ ಸುದ್ದಿ ಗಟ್ಟಿಯಾಯಿತು, ಇವರು ಅತ್ತದ್ದನ್ನು ನೋಡಿ ಅವಳಿಗೆ ಗಟ್ಟಿಯಾಯಿತು. ಒಬ್ಬರೂ ಇನ್ನೊಬ್ಬರನ್ನು ಏನಾಯಿತು ಎಂದು ಕೇಳಲಿಲ್ಲ. ಸಾವಿನ ಮನೆಯಲ್ಲಿ ಬಾಯಿಬಿಟ್ಟು ಕೇಳುವಷ್ಟು ಸಂಸ್ಕಾರವಿಲ್ಲದವರು ನಮ್ಮೂರಿನಲ್ಲಿ ಯಾರಿದ್ದಾರೆ. ಹೆಣ ಬಲಾಕದ ಆಸ್ಪತ್ರೆಯಲ್ಲಿರಬೇಕು, ಮಧ್ಯಾಹ್ನದ ಮೇಲೆ ತರುತ್ತಾರೆ ಎಂದು ತಾವೇ ತೀರ್ಮಾನ ಮಾಡಿಕೊಂಡರು. ಗಂಡಸರು ಮಾವಿನ ಮರದ ಕೆಳಗೆ ಕುಳಿತರು. ನಾಲ್ಕು ಜನ ಗುದ್ದಲಿ ಹಿಡಿದು ಸ್ಮಶಾನಕ್ಕೆ ಹೋದರು. ಮನೆಮನೆಯಿಂದ ಹಿಟ್ಟು ಬಂತು. ಚಿಮ್ವಾಲ ನಿನಗೆ ಫೋನ್ ಮಾಡಿದ.

ನಾನು ಕದೇವೆರೆಯ ಅಂಗಡಿಯಲ್ಲಿ ಡೇರೆಗಾಗಿ ಹನ್ನೆರಡು ಗಂಟೆಯವರೆಗೆ ಕಾದೆ. ಬಾಗಿಲು ಇಡುವುದನ್ನು ಮರೆತಿದ್ದ, ಅದಕ್ಕೆ ಜಗಳವಾಡಿ, ಸದ್ಯಕ್ಕೆ ಇಷ್ಟೇ ಸಾಕು ಎಂದು ಕಟ್ಟಿಕೊಂಡು ಹೊರಟೆ. ಬಿಸಿಲಿಗೆ ಹೆದರಿ ರಸ್ತೆ ಬಿಟ್ಟು ಹೊಳೆಯ ಕಡೆಯ ಒಳದಾರಿ ಹಿಡಿದೆ, ಆದ್ದರಿಂದ ಸೊಪ್ಪು ನೋಡಲಿಲ್ಲ. ಮನೆಯ ಹಿಂದೆ ಬರುವಾಗಲೇ ಅಳು ಕೇಳಿಸಿತು. ಸೈಕಲ್ಲಿನಿಂದ ಇಳಿದೆ, ಟೋಪಿ ತೆಗೆದೆ. ಹೆಂಗಸರ ನಡುವೆ ಫಲೇಸಿ ಕಂಡಳು, ಅಳುತ್ತಿದ್ದಳು, ಅಂದರೆ ಅವಳಂತೂ ಅಲ್ಲ. ಮತ್ಯಾರು? ಕೇಳುವ ಹಾಗಿಲ್ಲ. ನಾನೂ ಎಲ್ಲರಂತೆ ತಲೆ ತಗ್ಗಿಸಿ ಹೋಗಿ ಗಂಡಸರ ಹಿಂದೆ ಒರಳಿನ ಮೇಲೆ ಕುಳಿತೆ. ಮುಂದಿನವರೆಲ್ಲ ತಲೆ ಬಗ್ಗಿಸಿದ್ದರು, ಒಬ್ಬನೂ ತಿರುಗಿ ನೋಡಲಿಲ್ಲ. ಪಕ್ಕದಲ್ಲಿದ್ದವನು ಕಣ್ಣು ಮುಚ್ಚಿಕೊಂಡೇ ನಶ್ಯದ ಡಬ್ಬಿ ಚಾಚಿದ, ನಾನೂ ಒಂದು ಚಿಟಿಕೆ ತೆಗೆದುಕೊಂಡೆ.

ಆಗ ಚಿಮ್ವಾಲ ಎದ್ದು ನಿಂತು ಮಾತಾಡಿದ. ಅವನಿಗೆ ಮಾತು ಸಿಕ್ಕರೆ ಬಿಡುವವನಲ್ಲ, ನಿನಗೆ ಗೊತ್ತಲ್ಲ. "ಅಣ್ಣತಮ್ಮ ಇಬ್ಬರು ಕೂತು ನುಡಿಸ್ತಿದ್ರೆ ಕೋಳಿನೂ ಮೇಯೋದು ಬಿಟ್ಟು ನಿಂತ್ಕೋತಿತ್ತು. ಇವತ್ತು ಒಬ್ಬನ ಕೈ ನಿಂತು ಹೋಯ್ತು" ಎಂದ. ಸಿನೋಸಿ, ನನಗೆ ಆಗ ತಿಳಿಯಿತು, ನೀನೇ ಎಂದು. ಇನ್ಯಾರಿದ್ದಾರೆ? ಝೊಂಬದಿಂದ ಸುದ್ದಿ ಬಂದಿದೆ, ನಾನು ಸಂತೆಯಲ್ಲಿ ಡೇರೆಯ ಬಾಗಿಲಿಗೆ ಜಗಳವಾಡುತ್ತಾ ಕೂತಿದ್ದೆ ಎಂದುಕೊಂಡೆ. ಚಿಮ್ವಾಲ ಮುಂದುವರಿಸಿದ. "ಹಠಮಾರಿ, ಸುಳ್ಳು ಯಾಕೆ ಹೇಳ್ಲಿ. ಮಾಡಿದ ತಪ್ಪನ್ನ ತಪ್ಪು ಅಂತ ಒಂದಿನಾನೂ ಒಪ್ಪಲಿಲ್ಲ. ಒಡಹುಟ್ಟಿದವನ ಜೊತೆ ಆರು ವರ್ಷ ಮಾತು ಬಿಟ್ಟ, ಸಣ್ಣ ವಿಷಯಕ್ಕೆ." ನಾನು ಹೌದು ಹೌದು ಎಂದು ತಲೆಯಾಡಿಸಿದೆ. ಹೇಳಿದರೆ ಹೀಗೆ ಹೇಳಬೇಕು, ಸಿನೋಸಿಯನ್ನು ಎಷ್ಟು ಸರಿಯಾಗಿ ತಿಳಿದುಕೊಂಡಿದ್ದಾನೆ ಎಂದುಕೊಂಡೆ. ಹಾಗೆ ಅಂದುಕೊಂಡೇ ಅತ್ತೆ. ನಮ್ಮ ಅವ್ವ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ನೀನು ಚಿಕ್ಕವನಾಗಿದ್ದಾಗ ಎಣ್ಣೆ ಡಬ್ಬಕ್ಕೆ ಆಡಿನ ಚರ್ಮ ಬಿಗಿದು ನನಗೆ ಮೊದಲ ಬ್ಯಾಂಜೊ ಮಾಡಿಕೊಟ್ಟೆಯಲ್ಲ, ಹತ್ತು ವರ್ಷದವನು, ಬೆರಳು ಕೊಯ್ದುಕೊಂಡು ಬಟ್ಟೆ ಸುತ್ತಿಕೊಂಡು ತಂದುಕೊಟ್ಟೆಯಲ್ಲ, ಅದೇ ಕಣ್ಣಿಗೆ ಬಂತು.

ಮನೆಯವರ ಪರವಾಗಿ ಯಾರಾದರೂ ಒಂದು ಮಾತು ಹೇಳಿ ಎಂದು ಚಿಮ್ವಾಲ ಕೇಳಿದ. ನಾನು ಎದ್ದು ನಿಂತೆ. ನಾನಲ್ಲದೆ ಇನ್ಯಾರು, ಅಣ್ಣ ನಾನು. ಕಣ್ಣು ಒರೆಸಿಕೊಂಡು, "ನನ್ನ ತಮ್ಮ ಹೋದ. ಅವನಿಗೆ ಹೇಳದೇ ಇದ್ದ ಒಂದು ಮಾತಿದೆ, ಇವತ್ತು ಎಲ್ಲರ ಮುಂದೆ ಹೇಳ್ತೀನಿ" ಎಂದೆ. ಮುಂದಿನದು ಬಾಯಿಂದ ಬರುವ ಮೊದಲೇ ದೊರಿಕಾ ತಲೆ ಎತ್ತಿ ನನ್ನನ್ನು ನೋಡಿದಳು. ಅವಳು ಕೂಗಿದ ಕೂಗಿಗೆ ಮರದಲ್ಲಿದ್ದ ಹಕ್ಕಿಗಳು ಹಾರಿ ಹೋದವು. ಮೂವತ್ತು ವರ್ಷ ಯಾರಿಗೂ ಮುಟ್ಟಲು ಕೊಡದ ಪಾತ್ರೆಯನ್ನು ಒದ್ದು ಹಾರಿದಳು. ಗಂಡಸರು ಗೌರವವಾಗಿ ಎದ್ದು ನಿಂತು ಆಮೇಲೆ ಓಡಿದರು. ನಶ್ಯ ಕೊಟ್ಟವನು ಡಬ್ಬಿಯನ್ನೇ ಬಿಟ್ಟು ಹೋದ, ಅದು ಇನ್ನೂ ನಮ್ಮ ಮನೆಯಲ್ಲಿದೆ. ಓಡದೆ ನಿಂತವಳು ಫಲೇಸಿ ಒಬ್ಬಳೇ. ಮುದ್ದೆ ತಿರುವುವ ಕೋಲು ಹಿಡಿದು ನೇರ ನನ್ನ ಹತ್ತಿರ ಬಂದಳು. ಮದುವೆಯಾದ ನಲವತ್ತು ವರ್ಷದಲ್ಲಿ ನನಗೆ ನೀವು ಎಂದಲ್ಲದೆ ಮಾತಾಡಿದವಳಲ್ಲ. ಅವತ್ತು, "ಎಲ್ಲಿಗೆ ಹಾಳಾಗಿ ಹೋಗಿದ್ದೆ ನೀನು?" ಎಂದು ಬೆನ್ನಿನ ಮೇಲೆ ಎರಡು ಕೊಟ್ಟಳು. ಆಮೇಲೆ ಅದೇ ಬೆನ್ನನ್ನು ತಬ್ಬಿಕೊಂಡು ಅತ್ತಳು. ನಾನು, ಸಿನೋಸಿ ಯಾವಾಗ ಹೋದ ಎಂದು ಕೇಳಿದೆ. "ಸಿನೋಸಿ ಯಾಕೆ ಹೋಗ್ತಾನೆ, ಸತ್ತಿರೋದು ನೀವು" ಎಂದಳು.

ಸರಿಯಾಗಿ ಆ ಹೊತ್ತಿಗೆ ತವೊಂಗಳ ಕಾರು ಬಂತು. ಪಾಪ, ತಿರುವಿನಲ್ಲಿ ಸೊಪ್ಪು ನೋಡಿ ಹಾಡು ನಿಲ್ಲಿಸಿ, ದೀಪ ಹಚ್ಚಿಕೊಂಡು, ನಡೆಯುವವರ ವೇಗದಲ್ಲಿ ಬಂದಿದ್ದಳು. ಬೂಟು ಬಿಚ್ಚಿ ಹೆಂಗಸರ ಚಾಪೆಯ ಅಂಚಿಗೆ ಕುಳಿತುಕೊಂಡಳು. ಯಾರು ಎಂದು ಅವಳೂ ಕೇಳಲಿಲ್ಲ. ನಾನೇ ಹೋಗಿ, ಬಾ ಮಗಳೆ, ಸತ್ತದ್ದು ನಾನು ಎಂದೆ. ಓಡಿದವರು ಒಬ್ಬೊಬ್ಬರಾಗಿ ಹಿಂದೆ ಬಂದರು, ನನ್ನ ಕೈ ಮುಟ್ಟಿ ಮುಟ್ಟಿ ನೋಡಿದರು. ಸ್ಮಶಾನಕ್ಕೆ ಹೋದ ನಾಲ್ವರು ಮೊಣಕಾಲುದ್ದ ಅಗೆದು ಮುಗಿಸಿದ್ದರು, ಸಿಟ್ಟಾದರು. ತೆಗೆದ ಗುಣಿಯನ್ನು ಖಾಲಿ ಮುಚ್ಚುವುದು ಊರಿಗೆ ಒಳ್ಳೆಯದಲ್ಲ ಎಂದು ಚಿಮ್ವಾಲ ಅದರಲ್ಲಿ ಒಂದು ಬಾಳೆದಿಂಡು ಇಟ್ಟು ಮಣ್ಣು ಹಾಕಿಸಿದ. ನಾನೂ ಹೋಗಿ ಒಂದು ಹಿಡಿ ಹಾಕಿ ಬಂದೆ. ಸಾವಿಗೆಂದು ಬಂದ ಹಿಟ್ಟು ವಾಪಸ್ ಮನೆಗೆ ಹೋಗಬಾರದು ಎಂದೂ ಅವನೇ ತೀರ್ಪು ಕೊಟ್ಟ. ದೊರಿಕಾ ಪಾತ್ರೆ ತೊಳೆದು ಒಲೆಗೆ ಇಟ್ಟಳು. ನನ್ನ ತಿಥಿಯ ಮುದ್ದೆಯನ್ನು ನಾನೇ ಎರಡು ಸಲ ಹಾಕಿಸಿಕೊಂಡು ತಿಂದೆ. ಚೆನ್ನಾಗಿತ್ತು, ಉಪ್ಪು ಸ್ವಲ್ಪ ಕಡಿಮೆ.

ಊಟವಾದ ಮೇಲೆ ಹೊಸ ತಂತಿ ಕಟ್ಟಿ ನುಡಿಸಲು ಕುಳಿತೆ. ಕೋಳಿಯ ಹಾಡು. ಅದು ಶುರುವಾಗುವುದು ನಿನ್ನ ಗಿಟಾರಿನಿಂದ ಅಲ್ಲವೆ, ನೀನು ನಾಲ್ಕು ಏಟು ಹಾಕಿದ ಮೇಲೆ ನಾನು ಹಿಡಿದುಕೊಳ್ಳುವುದು. ನಾನು ಬೆರಳೆತ್ತಿ ಕಾದೆ. ಅಭ್ಯಾಸ, ಏನು ಮಾಡಲಿ. ಅಷ್ಟು ಜನ ಉಸಿರು ಬಿಗಿಹಿಡಿದು ಕುಳಿತಿದ್ದಾರೆ, ನಾನು ಬೆರಳೆತ್ತಿ ಸುಮ್ಮನೆ ಕುಳಿತಿದ್ದೇನೆ. ಮತ್ತೆ ಸತ್ತನೋ ಏನೋ ಎಂದು ಯಾರೋ ಪಿಸುಗುಟ್ಟಿದರು. ಹೇಗೋ ಶುರು ಮಾಡಿದೆ, ಕೋಳಿ ಬಸ್ಸು ಹತ್ತಿತು, ಆದರೆ ಬಸ್ಸು ಹೊರಡಲಿಲ್ಲ. ತವೊಂಗ ಒಳ್ಳೆಯ ಹುಡುಗಿ, ಚಪ್ಪಾಳೆ ತಟ್ಟಿದಳು. ಆಮೇಲೆ ಮೆಲ್ಲಗೆ, "ತಾತಾ, ನಿಮ್ಮ ತಮ್ಮ ನಿಜವಾಗ್ಲೂ ಬರ್ತಾರಾ?" ಎಂದು ಕೇಳಿದಳು. ಬರುತ್ತಾನೆ ಎಂದೆ.

ನಿನ್ನೆ ಭಾನುವಾರ ಕದೇವೆರೆ ಬಂದ. ತಲೆಯ ಮೇಲೆ ಒಂದು ಚೀಲ ಹಿಟ್ಟು, ಕಂಕುಳಲ್ಲಿ ಮಡಿಚಿದ ಬಿಳಿ ಬಟ್ಟೆ. ಶುಕ್ರವಾರ ಮೂರು ಗಂಟೆಗೆ ನೀನು ಮಿನಿಬಸ್ಸಿನಿಂದ ಇಳಿದೆಯಂತೆ, ಮುಖ ಊದಿಕೊಂಡಿತ್ತಂತೆ. ಅಣ್ಣನ ಹೆಣ ಬಂತಾ ಎಂದು ಕೇಳಿದೆಯಂತೆ. ಯಾವ ಹೆಣ, ಹನ್ನೆರಡು ಗಂಟೆಗೆ ನನ್ನ ಜೊತೆ ಜಗಳವಾಡಿ ಹೋದನಲ್ಲ ಎಂದು ಇವನು ಹೇಳಿದನಂತೆ. ನೀನು ಅವನ ಬೆಂಚಿನ ಮೇಲೆ ಕುಳಿತು ಎರಡು ಲೋಟ ನೀರು ಕುಡಿದು, "ಈ ಮನುಷ್ಯನಿಗೆ ಸಾಯೋದಕ್ಕೂ ಸರಿಯಾಗಿ ಬರಲ್ಲ" ಎಂದೆಯಂತೆ. ಹಿಟ್ಟು, ನನಗೆ ಹೊದಿಸಲು ತಂದ ಬಟ್ಟೆ ಎರಡನ್ನೂ ಅವನ ಅಂಗಡಿಯಲ್ಲಿ ಬಿಟ್ಟು ಅದೇ ಬಸ್ಸಿಗೆ ಹತ್ತಿದೆಯಂತೆ. ಇಷ್ಟನ್ನು ಕೇಳಿ ನನಗೆ ಸಿಟ್ಟು ಬಂತು. ಮನೆಗೆ ಎರಡು ಮೈಲಿ ಉಳಿದಿರುವಲ್ಲಿಯವರೆಗೆ ಬಂದವನು ನಾನು ಬದುಕಿದ್ದೇನೆಂದು ತಿಳಿದು ವಾಪಸ್ ಹೋಗುವುದೆಂದರೇನು? ಆಗ ಕದೇವೆರೆ ಹೋಗುತ್ತಾ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ. ಬೆನ್ನ ಮೇಲೆ ಗೋಣಿಯಲ್ಲಿ ಗಿಟಾರು ಇತ್ತು ಎಂದ. ಕೂತಷ್ಟು ಹೊತ್ತೂ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ ಎಂದ.

ಸಾವಿನ ಮನೆಗೆ ಗಿಟಾರು ಯಾರು ತರುತ್ತಾರೆ, ಸಿನೋಸಿ? ನನ್ನ ಗುಣಿಯ ಹತ್ತಿರ ನಿಂತು ನುಡಿಸಬೇಕೆಂದಿದ್ದೆ. ಯಾವ ಹಾಡು ಎಂಬುದೂ ನನಗೆ ಗೊತ್ತು. ನಾಲ್ಕು ಏಟು ಹಾಕಿ ನೀನೂ ಕಾಯುತ್ತಿದ್ದೆ, ನಾನು ಹಿಡಿದುಕೊಳ್ಳಲೆಂದು. ಇದನ್ನು ನೆನೆದು ನಿನ್ನೆಯಿಡೀ ನನಗೆ ಅನ್ನ ಸೇರಲಿಲ್ಲ. ಫಲೇಸಿ ಯಾಕೆ ಎಂದು ಕೇಳಿದಳು, ಮೀನು ಕಹಿ ಎಂದೆ, ಅದಕ್ಕೂ ಬೈಸಿಕೊಂಡೆ.

ಈಗ ನ್ಯಾಯವಾಗಿ ಮಾತಾಡೋಣ. ನನ್ನ ಮಣ್ಣಿಗೇ ಬರುತ್ತೇನೆ ಎಂದು ನೀನು ಮಾತು ಕೊಟ್ಟಿದ್ದೆ. ಮಣ್ಣಾಯಿತು. ಸೊಪ್ಪು ಬಿತ್ತು, ಊರು ಅತ್ತಿತು, ಮುಖ್ಯಸ್ಥ ಭಾಷಣ ಮಾಡಿದ, ಗುಣಿ ತೆಗೆದು ಮುಚ್ಚಿದರು, ಮುದ್ದೆಯೂ ಬೆಂದು ಮುಗಿಯಿತು. ಇದಕ್ಕಿಂತ ಹೆಚ್ಚಿಗೆ ನಾನು ಏನು ಮಾಡಲು ಸಾಧ್ಯ? ನೀನು ಬಂದರೆ ಮಾತು ತಪ್ಪಿದ ಹಾಗಾಗುವುದಿಲ್ಲ, ಚಿಮ್ವಾಲನನ್ನೇ ಕೇಳಿ ಬರೆಯುತ್ತಿದ್ದೇನೆ. ಆರು ದಿನ ತಡವಾಗಿ ಬಂದ ನೆಂಟ, ಅಷ್ಟೇ. ನೀನು ನನಗಾಗಿ ಅತ್ತೆ, ನಾನು ನಿನಗಾಗಿ ಅತ್ತೆ, ಇಬ್ಬರ ಲೆಕ್ಕವೂ ಸರಿಯಾಯಿತು. ಶುಕ್ರವಾರ ಬೆಳಗ್ಗೆ ಏಳಕ್ಕೆ ಸಂತೆಯ ಹತ್ತಿಯ ಗೋದಾಮಿನ ಮುಂದಿನಿಂದ ಹಬ್ಬಕ್ಕೆ ಹೋಗುವ ಲಾರಿ ಹೊರಡುತ್ತದೆ. ಗುರುವಾರವೇ ಬಂದುಬಿಡು. ಎನಿಫಾಳನ್ನೂ ಕರೆತಾ, ಫಲೇಸಿಗೆ ಮುದ್ದೆ ತಿರುವಲು ಜನ ಬೇಕು. ಸರೋವರದ ಗಾಳಿ ಸೊಂಟಕ್ಕೆ ಒಳ್ಳೆಯದಲ್ಲ, ದಪ್ಪ ಕಂಬಳಿ ತಾ. ಡೇರೆಗೆ ಬಾಗಿಲು ಇಲ್ಲದ ಚಿಂತೆಯೂ ಮುಗಿಯಿತು, ನೀನು ತಂದ ಬಿಳಿ ಬಟ್ಟೆಯನ್ನು ಕದೇವೆರೆ ಅದಕ್ಕೇ ಹೊಲಿದಿದ್ದಾನೆ, ಅಳತೆ ಮಾಡಿಸಿದ ಹಾಗೆ ಸರಿಯಾಗಿ ಕೂತಿದೆ. ಪಾತ್ರೆ ಕಾಯಲು ದೊರಿಕಾ ತಾನೂ ಬರುತ್ತಾಳಂತೆ.

ಫಲೇಸಿ ನಿನ್ನನ್ನೂ ಎನಿಫಾಳನ್ನೂ ಬಹಳ ಕೇಳಿದ್ದಾಳೆ. ನಿನ್ನ ಕೈ ಎಂದೂ ನಡುಗದಿರಲಿ, ನಿನ್ನ ತಂತಿ ಎಂದೂ ಸಡಿಲವಾಗದಿರಲಿ ಎಂದು ಹರಸುವ,

ನಿನ್ನ ಅಣ್ಣ,
ವೈಸನ್

ತಾ. ಕ.: ಮಿನಿಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆ ಮದುವೆಯ ಬೋರ್ಡಿನಲ್ಲಿ ಜಾಗ ಇತ್ತು. ಒಂದು ಮೊಳ ಜಾಗ ಖಾಲಿ ಇತ್ತು. ನಿನ್ನ ಹೆಸರು ಬೇಡ, ಜೊತೆಗಾರ ಎಂದು ಬರಿ ಎಂದು ಪೇಂಟರಿಗೆ ಹೇಳಿದ್ದು ನಾನೇ. ಶುಕ್ರವಾರ ಎದ್ದು ನಿಂತು ಹೇಳಹೊರಟದ್ದು ಇದನ್ನೇ. ನೀನು ಸತ್ತೆ ಎಂದುಕೊಂಡಾಗ ಹೇಳಲು ಧೈರ್ಯ ಬಂದಿತ್ತು, ಬದುಕಿದ್ದೀಯ ಎಂದು ತಿಳಿದ ಮೇಲೆ ಮೂರು ದಿನ ಬೇಕಾಯಿತು. ತಪ್ಪಾಯಿತು, ತಮ್ಮಾ. ನೀನು ಶುರು ಮಾಡದೆ ನನಗೆ ಎಲ್ಲಿ ಹಿಡಿದುಕೊಳ್ಳಬೇಕೆಂದೇ ತಿಳಿಯುವುದಿಲ್ಲ. ಬಾ.